ಬ್ರಹ್ಮಾಂಡದ ಬತ್ತಿಗಳು: ಗ್ಯಾಲಕ್ಸಿಗಳು ಸಾಲುಗಟ್ಟುವುದೇಕೆ?

ಕಪ್ಪು ಹಿನ್ನೆಲೆಯ ಮೇಲೆ ನೇರಳೆ ಬಣ್ಣದ ಜೇಡರಬಲೆ, ಎಳೆ ಕೂಡುವಲ್ಲೆಲ್ಲ ಹಳದಿ ಮಿಣುಕು. 'ಎಡಗಡೆ ಇಡೀ ವಿಶ್ವದ ಫೋಟೊ, ಬಲಗಡೆ ಮನುಷ್ಯನ ಮೆದುಳಿನ ನರಕೋಶ, ಎರಡೂ ಒಂದೇ' ಎಂಬ ಒಕ್ಕಣೆ ಹೊತ್ತ ಈ ಚಿತ್ರ ಮುಂಬಯಿ, ಪುಣೆಯ ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಚಿತ್ರ ಸುಳ್ಳಲ್ಲ, ಒಕ್ಕಣೆ ಸುಳ್ಳು. ಅದು ಫೋಟೊ ಅಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ್ದು. ಇಂಥವುಗಳಲ್ಲಿ ಹೆಚ್ಚು ಹೆಸರಾದದ್ದು 2005ರ ಮಿಲೆನಿಯಮ್ ಸಿಮ್ಯುಲೇಶನ್. ಅದರಲ್ಲಿ 1000 ಕೋಟಿ ಕಣಗಳನ್ನು ಇನ್ನೂರು ಕೋಟಿ ಜ್ಯೋತಿರ್ವರ್ಷಕ್ಕೂ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ) ದೊಡ್ಡ ಘನಾಕಾರದ ಪೆಟ್ಟಿಗೆಯಲ್ಲಿ ಹರಡಿ, ಗುರುತ್ವಾಕರ್ಷಣೆಗೆ ಒಪ್ಪಿಸಿ ಬಿಟ್ಟಿದ್ದರು. ನೇರಳೆ ಬಣ್ಣ ತೋರಿಸುವುದು ಬೆಳಕನ್ನೇ ಬೀರದ ಕಪ್ಪುದ್ರವ್ಯದ ಸಾಂದ್ರತೆಯನ್ನು. ಮೆದುಳಿನ ಹೋಲಿಕೆ ಬರೀ ಆಕಾರದ್ದು. ನರಕೋಶ ಸಂಕೇತ ಕಳಿಸುತ್ತದೆ, ವಿಶ್ವದ ಎಳೆ ಅಂಥದ್ದೇನನ್ನೂ ಮಾಡುವುದಿಲ್ಲ.

ಹಾಗೆಂದು ಎಳೆಗಳು ಬರೀ ಲೆಕ್ಕದ ಕೂಸುಗಳೂ ಅಲ್ಲ. 2025ರ ಜನವರಿಯಲ್ಲಿ, ಸುಮಾರು 1200 ಕೋಟಿ ವರ್ಷ ಹಿಂದಿನ ಎರಡು ಗ್ಯಾಲಕ್ಸಿಗಳ ನಡುವೆ 30 ಲಕ್ಷ ಜ್ಯೋತಿರ್ವರ್ಷ ಉದ್ದದ ಅನಿಲದ ಎಳೆಯೊಂದರ ನೇರ ಚಿತ್ರ ಪ್ರಕಟವಾಯಿತು. ಜೂನ್‌ನಲ್ಲಿ, ನಾಲ್ಕು ಗ್ಯಾಲಕ್ಸಿ ಗುಚ್ಛಗಳನ್ನು ಬೆಸೆಯುವ ಬಿಸಿ ಎಳೆಯೊಂದರ ಉಷ್ಣತೆ ಮತ್ತು ಸಾಂದ್ರತೆಯನ್ನು ಅಳೆದರು. ಅದಕ್ಕೂ ಮುಂಚೆ, 2017ರಲ್ಲಿ, ಹಲವು ಗುಚ್ಛಗಳೇ ಗುಂಪುಗೂಡಿದ 'ಸರಸ್ವತಿ' ಎಂಬ ಮಹಾಗುಚ್ಛವನ್ನು ಗುರುತಿಸಿದವರು ಪುಣೆಯ ಐಯುಕಾ ಮತ್ತು ಐಸರ್ ಸಂಸ್ಥೆಗಳ ವಿಜ್ಞಾನಿಗಳು. ಈ ಎಳೆ ಎಂದರೇನು, ಅದು ಹೇಗೆ ಹುಟ್ಟಿತು, ಅದರೊಳಗೆ ಏನಿದೆ ಎಂಬುದನ್ನು ಬುಡದಿಂದ ನೋಡೋಣ.

## ಮೊದಲು ಅಳತೆ, ಆಮೇಲೆ ಹೆಸರು

ಕೋಟಿಗಳ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ವಿಶ್ವವನ್ನು ಕುಗ್ಗಿಸೋಣ. ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದನ್ನು ಎರಡೂವರೆ ಸೆಂಟಿಮೀಟರಿನ ಒಂದು ನಾಣ್ಯ ಎಂದುಕೊಂಡು ದಾದರ್ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಇಡಿ. ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿ ಎರಡು ಅಡಿ ಆಚೆ ಇರುವ ಇನ್ನೊಂದು ನಾಣ್ಯ. ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ಕನ್ಯಾ ಗುಚ್ಛ ಹದಿಮೂರೂವರೆ ಮೀಟರ್ ದೂರದಲ್ಲಿ. ಸಾಧಾರಣ ದೊಡ್ಡ ಎಳೆಯೊಂದು 25 ಮೀಟರ್ ಉದ್ದ, ಎರಡೂವರೆ ಮೀಟರ್ ದಪ್ಪ. ಸರಸ್ವತಿ ಮಹಾಗುಚ್ಛದ ಹರವು 150 ಮೀಟರ್, ಅಂದರೆ 12 ಬೋಗಿಯ ಲೋಕಲ್ ರೈಲಿನ ಅರ್ಧಕ್ಕಿಂತ ಹೆಚ್ಚು. ಅದಿರುವುದು ಒಂದು ಕಿಲೋಮೀಟರ್ ಆಚೆ, ಮಾಟುಂಗದ ಕಡೆ.

ಈಗ ಹೆಸರುಗಳು. ರಾತ್ರಿ ವಿಮಾನ ಮುಂಬಯಿಯ ಮೇಲೆ ಬಂದಾಗ ಕೆಳಗೆ ಕಾಣುವ ದೀಪಗಳು ಸಮನಾಗಿ ಚೆಲ್ಲಿರುವುದಿಲ್ಲ. ಚರ್ಚ್‌ಗೇಟಿನಿಂದ ವಿರಾರ್ ತನಕ ಒಂದು ಪಟ್ಟಿ, ಸಿಎಸ್‌ಎಂಟಿಯಿಂದ ಕಲ್ಯಾಣ್ ತನಕ ಇನ್ನೊಂದು. ಕಲ್ಯಾಣದಲ್ಲಿ ದಟ್ಟ ಗಂಟು; ಅಲ್ಲಿಂದ ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಕವಲು. ಎರಡು ಪಟ್ಟಿಗಳ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕತ್ತಲೆ. ವಿಶ್ವದಲ್ಲೂ ಹೀಗೆಯೇ: ನೂರಾರು, ಸಾವಿರಾರು ಗ್ಯಾಲಕ್ಸಿಗಳು ಒತ್ತಾಗಿರುವ ಗಂಟು ಗುಚ್ಛ, ಗಂಟುಗಳನ್ನು ಬೆಸೆಯುವ ಉದ್ದನೆಯ ಪಟ್ಟಿ ಎಳೆ, ಏನೂ ಇಲ್ಲದಂತೆ ಕಾಣುವ ಕತ್ತಲೆ ಪೊಳ್ಳು. ಮುಂಬಯಿಯ ನಕ್ಷೆಯಲ್ಲಿ ಇಲ್ಲದ ನಾಲ್ಕನೆಯದೊಂದಿದೆ. ಎರಡು ಪೊಳ್ಳುಗಳ ನಡುವೆ ಹಪ್ಪಳದಂತೆ ಹರಡಿದ ತೆಳು ಹಾಳೆ. ಈ ನಾಲ್ಕೂ ಸೇರಿದ ಹೆಣಿಗೆಗೆ ವಿಶ್ವಜಾಲ, ಅಂದರೆ ಕಾಸ್ಮಿಕ್ ವೆಬ್ ಎಂದು ಹೆಸರು.

ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಮುಂಬಯಿಯಲ್ಲಿ ಹಳಿ ಮೊದಲು, ಜನ ಆಮೇಲೆ. ವಿಶ್ವದಲ್ಲಿ ಹಳಿ ಹಾಕಿದವರು ಯಾರೂ ಇಲ್ಲ. ಅಲ್ಲಿ ಹರಿವೇ ಹಳಿ.

ಸಿಮ್ಯುಲೇಶನ್‌ಗಳಲ್ಲಿ ಅಳೆದರೆ ಇಂದಿನ ವಿಶ್ವದ ಜಾಗದಲ್ಲಿ ಎಳೆಗಳ ಪಾಲು ಸುಮಾರು 6 ಶೇಕಡಾ, ದ್ರವ್ಯದಲ್ಲಿ ಸುಮಾರು 50 ಶೇಕಡಾ. ಪೊಳ್ಳುಗಳದು ತಿರುಗುಮುರುಗು: ಜಾಗ 77, ದ್ರವ್ಯ 15. ಹಾಳೆಗಳಿಗೆ 18 ಶೇಕಡಾ ಜಾಗ, 24 ಶೇಕಡಾ ದ್ರವ್ಯ. ಗುಚ್ಛಗಳು ಹಿಡಿದ ಜಾಗ 0.1 ಶೇಕಡಾವೂ ಇಲ್ಲ, ದ್ರವ್ಯ ಮಾತ್ರ 11 ಶೇಕಡಾ. 'ಎಳೆ' ಎಂದು ಯಾವುದನ್ನು ಕರೆಯಬೇಕೆಂಬ ನಿಯಮ ಬದಲಾದರೆ ಈ ಅಂಕಿಗಳೂ ಸರಿಯುತ್ತವೆ. 2018ರಲ್ಲಿ ಹನ್ನೆರಡು ಬೇರೆ ಬೇರೆ ವಿಧಾನಗಳನ್ನು ಒಂದೇ ಸಿಮ್ಯುಲೇಶನ್ನಿನ ಮೇಲೆ ಓಡಿಸಿ ನೋಡಿದಾಗ ಅವು ಸಾಕಷ್ಟು ಬೇರೆ ಬೇರೆ ಉತ್ತರ ಕೊಟ್ಟಿದ್ದವು. ಆದರೂ ಜಾಗ ಪೊಳ್ಳುಗಳದು, ದ್ರವ್ಯದ ದೊಡ್ಡ ಪಾಲು ಎಳೆಗಳದು ಎಂಬ ಒಟ್ಟು ಚಿತ್ರ ಕದಲುವುದಿಲ್ಲ.

## ಹತ್ತಿ, ಹಾಳೆ, ಬತ್ತಿ, ಗಂಟು

ಗುರುತ್ವಾಕರ್ಷಣೆ ಎಲ್ಲ ದಿಕ್ಕಿಗೂ ಸಮವಾಗಿ ಎಳೆಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಎಲ್ಲವೂ ಉಂಡೆಯಾಗಬೇಕಿತ್ತು. ಸೂರ್ಯ ಉಂಡೆ, ಭೂಮಿ ಉಂಡೆ. ಗ್ಯಾಲಕ್ಸಿಗಳ ಸಾಲು ಮಾತ್ರ ಹಗ್ಗದಂತೇಕೆ?

ದೇವರ ದೀಪಕ್ಕೆ ಬತ್ತಿ ಹೊಸೆಯುವುದನ್ನು ನೆನೆಯಿರಿ. ಹಿಂಜಿದ ಹತ್ತಿಯನ್ನು ಮೊದಲು ಅಂಗೈಯಲ್ಲಿ ತಟ್ಟಿ ಹಾಳೆ ಮಾಡುತ್ತಾರೆ. ಅಲ್ಲಿ ಒತ್ತಡ ಬಿದ್ದದ್ದು ಒಂದೇ ದಿಕ್ಕಿನಿಂದ. ಹಾಳೆಯನ್ನು ಹೊಸೆದರೆ ಬತ್ತಿ; ಎರಡನೆಯ ದಿಕ್ಕೂ ಕುಗ್ಗಿತು. ಬತ್ತಿಯನ್ನು ಉದ್ದಕ್ಕೂ ಮುದುಡಿದರೆ ಗಂಟು. ಮೂರನೆಯ ದಿಕ್ಕೂ ಮುಗಿಯಿತು. ವಿಶ್ವದಲ್ಲಿ ದ್ರವ್ಯ ಕುಸಿಯುವುದು ಇದೇ ಕ್ರಮದಲ್ಲಿ: ಹಾಳೆ, ಎಳೆ, ಗುಚ್ಛ. ಇದನ್ನು ಗಣಿತದಲ್ಲಿ ತೋರಿಸಿದವರು ಸೋವಿಯತ್ ವಿಜ್ಞಾನಿ ಯಾಕೊವ್ ಝೆಲ್ದೊವಿಚ್, 1970ರಲ್ಲಿ. ಮೊದಲು ಹುಟ್ಟುವ ಚಪ್ಪಟೆ ರೂಪಕ್ಕೆ ಅವರ ಬಳಗದಲ್ಲಿ ಪ್ಯಾನ್‌ಕೇಕ್ ಎಂಬ ಹೆಸರು ನಿಂತಿತು. ಅವರ ತಿಂಡಿ ಅದು. ಮಾಟುಂಗದಲ್ಲಿ ಕೂತು ಬರೆದಿದ್ದರೆ ದೋಸೆ ಎನ್ನುತ್ತಿದ್ದರೇನೋ.

ಮೂರು ದಿಕ್ಕುಗಳೂ ಒಟ್ಟಿಗೆ ಏಕೆ ಕುಸಿಯುವುದಿಲ್ಲ? ಆರಂಭದ ಯಾವ ಮುದ್ದೆಯೂ ಪೂರ್ತಿ ದುಂಡಗಿರಲಿಲ್ಲ ಎಂಬುದೇ ಕಾರಣ. ಆಪೂಸ್ ಮಾವಿನ ಹಣ್ಣನ್ನು ನೋಡಿ: ದಪ್ಪ ಕಡಿಮೆ, ಅಗಲ ಸ್ವಲ್ಪ ಹೆಚ್ಚು, ಉದ್ದ ಎಲ್ಲಕ್ಕಿಂತ ಹೆಚ್ಚು. ಅಂಥ ಮುದ್ದೆಯಲ್ಲಿ ದಪ್ಪದ ದಿಕ್ಕಿನಲ್ಲಿ ಎರಡು ಮೈಗಳೂ ಒಂದಕ್ಕೊಂದು ಹತ್ತಿರ, ಹಾಗಾಗಿ ಆ ದಿಕ್ಕಿನ ಕುಸಿತವೇ ಎಲ್ಲಕ್ಕಿಂತ ಬೇಗ. ಕುಸಿದಷ್ಟೂ ಮೈಗಳು ಇನ್ನೂ ಹತ್ತಿರವಾಗುತ್ತವೆ, ಸೆಳೆತ ಇನ್ನೂ ಹೆಚ್ಚುತ್ತದೆ. ಶುರುವಿನಲ್ಲಿ ಕೂದಲೆಳೆಯಷ್ಟಿದ್ದ ವ್ಯತ್ಯಾಸವನ್ನು ಗುರುತ್ವಾಕರ್ಷಣೆ ಸರಿಪಡಿಸುವುದಿಲ್ಲ, ಬೆಳೆಸುತ್ತ ಹೋಗುತ್ತದೆ. ಸೂರ್ಯ, ಭೂಮಿ ಉಂಡೆಯಾದದ್ದು ಕುಸಿತ ಮುಗಿದು, ಒಳಗಿನ ಒತ್ತಡ ಎಲ್ಲ ಕಡೆಯಿಂದ ಸಮವಾಗಿ ತಡೆದು ನಿಲ್ಲಿಸಿದ ಮೇಲೆ. ಎಳೆಯಲ್ಲಿ ಕುಸಿತ ಇನ್ನೂ ನಡೆಯುತ್ತಲೇ ಇದೆ.

ಹೀಗಾಗಿ ಎಳೆಯನ್ನು ಒಂದು ವಸ್ತು ಎಂದುಕೊಳ್ಳುವುದಕ್ಕಿಂತ ಒಂದು ಹಂತ ಎಂದುಕೊಂಡರೆ ಮುಂದಿನ ಎಲ್ಲವೂ ಸಲೀಸಾಗಿ ಅರ್ಥವಾಗುತ್ತದೆ. ಎರಡು ದಿಕ್ಕು ಕುಸಿದು ಮುಗಿದಿದೆ, ಮೂರನೆಯದು ಬಾಕಿ ಇದೆ. ಅದೇ ಎಳೆ.

ಎಷ್ಟು ಜಾಗಕ್ಕೆ ಈ ಪಾಡು? ಯಾದೃಚ್ಛಿಕವಾಗಿ ಏರಿಳಿಯುವ ಆರಂಭದ ಸಾಂದ್ರತೆಯಲ್ಲಿ ಯಾವುದೇ ಒಂದು ಬಿಂದುವನ್ನು ಆರಿಸಿದರೆ, ಅದು ಮೂರೂ ದಿಕ್ಕಿನಿಂದ ಕುಗ್ಗುವ ಸಂಭವ 8 ಶೇಕಡಾ. ಎರಡು ದಿಕ್ಕಿನಿಂದ ಕುಗ್ಗಿ ಒಂದು ದಿಕ್ಕಿಗೆ ಹಿಗ್ಗುವುದು 42. ಒಂದೇ ದಿಕ್ಕಿನಿಂದ ಕುಗ್ಗುವುದು 42. ಮೂರೂ ದಿಕ್ಕಿಗೆ ಹಿಗ್ಗುವುದು ಉಳಿದ 8. ಡೊರೊಶ್ಕೆವಿಚ್ ಎಂಬ ವಿಜ್ಞಾನಿ ಇದನ್ನೂ 1970ರಲ್ಲೇ ಲೆಕ್ಕ ಹಾಕಿದ್ದರು. ನೇರವಾಗಿ ಉಂಡೆಯಾಗುವುದೇ ಅಪರೂಪ. ಹಾಳೆ, ಎಳೆಗಳೇ ಸಾಮಾನ್ಯ.

ಎಳೆಗಳು ಗುಚ್ಛದಿಂದ ಗುಚ್ಛಕ್ಕೇ ಏಕೆ ಹೋಗುತ್ತವೆ ಎಂಬುದಕ್ಕೆ ಸಮುದ್ರದ ಭರತಿ ಇಳಿತ ಸಹಾಯಕ್ಕೆ ಬರುತ್ತದೆ. ಚಂದ್ರನ ಸೆಳೆತ ಭೂಮಿಯ ನೀರನ್ನು ತನ್ನ ಕಡೆಗಿನ ಗೆರೆಯಲ್ಲಿ ಉದ್ದಕ್ಕೆ ಜಗ್ಗುತ್ತದೆ, ಪಕ್ಕಗಳಿಂದ ಅಮುಕುತ್ತದೆ. ಈಗ ಎರಡು ದೊಡ್ಡ ಮುದ್ದೆಗಳು, ನಡುವೆ ಹರಡಿದ ದ್ರವ್ಯ. ಅದು ಎರಡನ್ನೂ ಸೇರಿಸುವ ಗೆರೆಯ ಉದ್ದಕ್ಕೆ ಹಿಗ್ಗುತ್ತದೆ, ಪಕ್ಕದಿಂದ ಕುಗ್ಗುತ್ತದೆ. ಅದೇ ಸೇತುವೆ. 1996ರಲ್ಲಿ ಬಾಂಡ್, ಕೋಫ್‌ಮನ್, ಪೊಗೊಸ್ಯಾನ್ ಎಂಬ ಮೂವರು ಇದನ್ನು ವಿವರಿಸಿದರು. ಕಾಸ್ಮಿಕ್ ವೆಬ್ ಎಂಬ ಹೆಸರು ನೆಲೆಗೊಂಡದ್ದು ಅವರ ಬರಹದಿಂದ. ಜಾಲದ ನಕಾಶೆ ಆರಂಭದ ಏರಿಳಿತಗಳಲ್ಲೇ ಮಸುಕಾಗಿ ಇತ್ತು, ಗುರುತ್ವಾಕರ್ಷಣೆ ಅದನ್ನು ತಿದ್ದಿ ಗಾಢ ಮಾಡಿತು ಎಂಬುದು ಅವರ ವಾದದ ಸಾರ.

ಝೆಲ್ದೊವಿಚ್ ಒಂದು ಕಡೆ ಎಡವಿದ್ದರು. ದೊಡ್ಡ ದೊಡ್ಡ ದೋಸೆಗಳು ಮೊದಲಾಗಿ, ಅವು ಒಡೆದು ಗ್ಯಾಲಕ್ಸಿಗಳಾದವು ಎಂದು ಅವರ ಎಣಿಕೆ. ನಡೆದದ್ದು ಉಲ್ಟಾ: ಸಣ್ಣವು ಮೊದಲು, ದೊಡ್ಡವು ಆಮೇಲೆ. ಆದರೆ ಪ್ರತಿಯೊಂದು ಗಾತ್ರದಲ್ಲೂ ಹಾಳೆ, ಎಳೆ, ಗಂಟು ಎಂಬ ಕ್ರಮ ಮಾತ್ರ ಅವರು ಹೇಳಿದಂತೆಯೇ ಇದೆ.

## ಕಪ್ಪುದ್ರವ್ಯ ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ

ವಿಶ್ವಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಇಂದಿಗೂ ಸೂಕ್ಷ್ಮತರಂಗವಾಗಿ ಎಲ್ಲ ದಿಕ್ಕಿನಿಂದ ಬರುತ್ತಿದೆ. ಅದರಲ್ಲಿ ಕಾಣುವ ಏರಿಳಿತ ಲಕ್ಷಕ್ಕೆ ಒಂದರಷ್ಟು. 1992ರಲ್ಲಿ ಕೋಬೆ ಉಪಗ್ರಹದಿಂದ ಇದು ಗೊತ್ತಾಯಿತು. ಅಲ್ಲಿಂದೀಚೆಗೆ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ. ಸಣ್ಣ ಏರಿಳಿತಗಳು ಬೆಳೆಯುವುದೂ ಹೆಚ್ಚೆಂದರೆ ಅಷ್ಟೇ ಪಟ್ಟು. ಲಕ್ಷಕ್ಕೆ ಒಂದು ಎಂಬುದು 1100 ಪಟ್ಟು ಬೆಳೆದರೆ ನೂರಕ್ಕೆ ಒಂದು. ಸುತ್ತಲಿಗಿಂತ ಒಂದೇ ಶೇಕಡಾ ಹೆಚ್ಚು ದಟ್ಟವಾದ ಮೋಡ ಕುಸಿದು ಗ್ಯಾಲಕ್ಸಿ ಆಗಲಾರದು. ಈ ಲೆಕ್ಕದ ಪ್ರಕಾರ ಇವತ್ತು ಎಳೆಯೂ ಇರಬಾರದು, ನಾವೂ ಇರಬಾರದು.

ಬಿಡುಗಡೆ ಕಪ್ಪುದ್ರವ್ಯದಿಂದ. ಮಾಮೂಲಿ ದ್ರವ್ಯವನ್ನು ಆಗಿನ ತೀವ್ರ ಬೆಳಕು ಒತ್ತಿ ಹಿಡಿದಿತ್ತು, ಮುದ್ದೆಯಾಗಲು ಬಿಡಲಿಲ್ಲ. ಕಪ್ಪುದ್ರವ್ಯಕ್ಕೆ ಬೆಳಕಿನ ಹಂಗಿಲ್ಲ. ಅದು ಮೊದಲೇ ಒಟ್ಟಾಗತೊಡಗಿತ್ತು. ಬೆಳಕಿನ ಹಿಡಿತ ಬಿಟ್ಟೊಡನೆ ಮಾಮೂಲಿ ಅನಿಲ ಆಗಲೇ ಸಿದ್ಧವಾಗಿದ್ದ ತಗ್ಗುಗಳಿಗೆ, ಘಟ್ಟದ ಮಳೆನೀರು ಕೊರಕಲಿಗೆ ಇಳಿಯುವಂತೆ, ಇಳಿಯಿತು. ವಿಶ್ವದ ಒಟ್ಟು ಹೂರಣದಲ್ಲಿ ಮಾಮೂಲಿ ದ್ರವ್ಯ 5 ಶೇಕಡಾ, ಕಪ್ಪುದ್ರವ್ಯ 27, ಉಳಿದ 68 ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಕಪ್ಪುಶಕ್ತಿ. ಎಳೆಯ ಬೆನ್ನೆಲುಬು ಕಪ್ಪುದ್ರವ್ಯದ್ದು. ಅನಿಲ, ಗ್ಯಾಲಕ್ಸಿಗಳು ಅದರ ಮೇಲೆ ಹತ್ತಿಕೊಂಡ ಮಾಂಸ.

## ಎಳೆಯನ್ನು ಅಡ್ಡಕ್ಕೆ ಕೊಯ್ದರೆ

ಎಳೆಗೆ ಪೈಪಿನಂತೆ ಗೋಡೆ ಇಲ್ಲ. ನಡುವೆ ದಟ್ಟ, ಹೊರಗೆ ಹೋದಂತೆ ತೆಳು. ಎಲ್ಲಿ ಮುಗಿಯಿತು ಎಂದು ಬೊಟ್ಟಿಟ್ಟು ತೋರಿಸಲಾಗದು. ನಟ್ಟನಡುವಿನ ತಿರುಳು ಕೆಲವು ದಶಲಕ್ಷ ಜ್ಯೋತಿರ್ವರ್ಷ ಅಗಲ, ಅಲ್ಲಿ ಸಾಂದ್ರತೆ ವಿಶ್ವದ ಸರಾಸರಿಯ ಹತ್ತಾರು ಪಟ್ಟು. ಕೇಳಲು ದೊಡ್ಡದು. ಆದರೆ ಸರಾಸರಿ ಎಷ್ಟು? ಮಾಮೂಲಿ ದ್ರವ್ಯದ ಲೆಕ್ಕದಲ್ಲಿ ನಾಲ್ಕು ಘನ ಮೀಟರಿಗೆ ಒಂದು ಪ್ರೋಟಾನ್. ಅದರ ಹತ್ತಾರು ಪಟ್ಟು ಅಂದರೂ ಒಂದು ಘನ ಮೀಟರಿಗೆ ಬೆರಳೆಣಿಕೆಯ ಕಣಗಳು. ಪ್ರಯೋಗಶಾಲೆಯ ಅತ್ಯುತ್ತಮ ನಿರ್ವಾತವೂ ಇದರ ಮುಂದೆ ಗಿಜಿಗುಡುವ ಸಂತೆ.

ಪೊಳ್ಳಿನ ಕಡೆಯಿಂದ ಅನಿಲ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಎಳೆಯ ಮೇಲೆ ಬಂದು ಬೀಳುತ್ತದೆ. ಎದುರಿನಿಂದಲೂ ಅಷ್ಟೇ ವೇಗದಲ್ಲಿ ಬರುವ ಅನಿಲ ಅಡ್ಡಬಂದು ಆಘಾತ ತರಂಗ ಏಳುತ್ತದೆ, ಓಟದ ಶಕ್ತಿ ಶಾಖವಾಗುತ್ತದೆ. ಉಷ್ಣತೆ 1 ಲಕ್ಷದಿಂದ 1 ಕೋಟಿ ಡಿಗ್ರಿಯ ನಡುವೆ. ಕೋಟಿ ಡಿಗ್ರಿ ಎಂದರೂ ಅಲ್ಲಿ ಕೈಯಿಟ್ಟರೆ ಸುಡುವುದಿಲ್ಲ; ಒಂದೊಂದು ಕಣವೂ ಬಿಸಿಯೇ, ಆದರೆ ಕಣಗಳೇ ಇಲ್ಲ. ಕಪ್ಪುದ್ರವ್ಯಕ್ಕೆ ಈ ಡಿಕ್ಕಿಯ ಗೊಡವೆಯಿಲ್ಲ. ಅದು ಒಂದನ್ನೊಂದು ಹಾದು ಆಚೆ ಹೋಗಿ, ಮತ್ತೆ ಸೆಳೆತಕ್ಕೆ ಸಿಕ್ಕಿ ಹಿಂದಿರುಗಿ, ನಡುವಿನ ಅಕ್ಷದ ಸುತ್ತ ಓಲಾಡುತ್ತಿರುತ್ತದೆ.

ಅಡ್ಡಕ್ಕೆ ಬಿದ್ದ ದ್ರವ್ಯ ಆಮೇಲೆ ಉದ್ದಕ್ಕೆ ಹೊರಡುತ್ತದೆ, ಹತ್ತಿರದ ಗುಚ್ಛದ ಕಡೆಗೆ. ಪೊಳ್ಳಿನಿಂದ ಹಾಳೆಗೆ, ಹಾಳೆಯಿಂದ ಎಳೆಗೆ, ಎಳೆಯಿಂದ ಗುಚ್ಛಕ್ಕೆ. ಒಳದಾರಿಗಳಿಲ್ಲವೆಂದಲ್ಲ, ಮುಖ್ಯ ರಸ್ತೆ ಇದು. ಎಳೆ ತಿರುಗುವುದೂ ಉಂಟು. ಸಾವಿರಾರು ಎಳೆಗಳ ದತ್ತಾಂಶವನ್ನು ಒಂದರ ಮೇಲೊಂದು ಪೇರಿಸಿ ನೋಡಿದಾಗ, ಅಕ್ಷದ ಒಂದು ಬದಿಯ ಗ್ಯಾಲಕ್ಸಿಗಳು ನಮ್ಮಿಂದ ದೂರ ಸರಿಯುತ್ತ, ಇನ್ನೊಂದು ಬದಿಯವು ಹತ್ತಿರ ಬರುತ್ತಿರುವುದು 2021ರಲ್ಲಿ ಕಂಡುಬಂತು. ವೇಗ ಸೆಕೆಂಡಿಗೆ 100 ಕಿ.ಮೀ. ಆಸುಪಾಸು.

ಒಳಗಿನ ಗ್ಯಾಲಕ್ಸಿಗಳಿಗೂ ಇದರ ಸೋಂಕು ತಗಲುತ್ತದೆ. ಅಕ್ಷಕ್ಕೆ ಹತ್ತಿರವಿರುವವು ಸಾಮಾನ್ಯವಾಗಿ ಹೆಚ್ಚು ತೂಕದವು, ಹೊಸ ನಕ್ಷತ್ರ ಹುಟ್ಟಿಸುವುದನ್ನು ಕಡಿಮೆ ಮಾಡಿದವು. ಸಿಮ್ಯುಲೇಶನ್‌ಗಳ ಪ್ರಕಾರ ಸಣ್ಣವುಗಳ ತಿರುಗುವ ಅಕ್ಷ ಎಳೆಗೆ ಸಮಾಂತರವಾಗಿರುವ ಒಲವು, ದೊಡ್ಡವುಗಳದು ಅಡ್ಡ. ಸಣ್ಣವು ಎಳೆಯ ಸುತ್ತಲಿನ ಸುಳಿಯಲ್ಲಿ ಹುಟ್ಟಿದವು. ದೊಡ್ಡವು ಎಳೆಯ ಉದ್ದಕ್ಕೂ ಬಂದು ಒಂದಕ್ಕೊಂದು ಢಿಕ್ಕಿ ಹೊಡೆದು ಬೆಳೆದವು, ಆ ಢಿಕ್ಕಿಯ ತಿರುಗಾಟ ಎಳೆಗೆ ಅಡ್ಡಲಾಗಿ ಉಳಿಯಿತು.

## ವಯಸ್ಸಾದಂತೆ

ಎಳೆಯ ಚರಿತ್ರೆ ಎಂದರೆ ತೆಳುವಾದ ಹಲವು ಹೋಗಿ ದಪ್ಪನೆಯ ಕೆಲವು ಉಳಿದ ಕತೆ. ಮೊದಲ ಇನ್ನೂರು ಮುನ್ನೂರು ಕೋಟಿ ವರ್ಷಗಳಲ್ಲಿ ವಿಶ್ವ ಹಿಂಜಿದ ನಾರಿನಂತಿತ್ತು: ಎಲ್ಲೆಲ್ಲೂ ಸಣ್ಣ ಎಳೆ. ಆಗ ಅನಿಲ ತಣ್ಣಗೂ ಇತ್ತು, ಎಳೆಗಳ ಮೂಲಕ ನೇರವಾಗಿ ಗ್ಯಾಲಕ್ಸಿಗಳ ಹೊಟ್ಟೆಗೆ ಇಳಿಯುತ್ತಿತ್ತು. ನಕ್ಷತ್ರಗಳ ಸುಗ್ಗಿಯ ಕಾಲ ಅದು.

ಆಮೇಲೆ ಸಣ್ಣ ಎಳೆಗಳು ಪಕ್ಕದ ದೊಡ್ಡದರಲ್ಲಿ ಬೆರೆತವು. ಪೊಳ್ಳಿನೊಳಗಿನ ಎಳೆಗಳು ಬಡವಾದವು, ಏಕೆಂದರೆ ಪೊಳ್ಳು ಸುಮ್ಮನೆ ಕೂರುವುದಿಲ್ಲ. ಒಳಗಿನದನ್ನು ಅಂಚಿಗೆ ಬಿಟ್ಟುಕೊಡುತ್ತ ಸುತ್ತಲಿಗಿಂತ ವೇಗವಾಗಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಗೋವಾದ ಕಡಲತೀರಕ್ಕೆ ಬರುವ ನೊರೆಯನ್ನು ನೋಡಿ. ಎರಡು ಗುಳ್ಳೆ ತಾಗುವಲ್ಲಿ ಪೊರೆ, ಮೂರು ಪೊರೆ ಸೇರುವಲ್ಲಿ ಅಂಚು, ಅಂಚುಗಳು ಸೇರುವಲ್ಲಿ ಮೂಲೆ. ಹಾಳೆ, ಎಳೆ, ಗುಚ್ಛ ಎಂದು ಓದಿಕೊಳ್ಳಬಹುದು. ಗುಳ್ಳೆಗಳು ದೊಡ್ಡದಾದಂತೆ ಅಂಚುಗಳ ಸಂಖ್ಯೆ ಇಳಿಯುತ್ತದೆ. 1981ರಲ್ಲಿ ಪತ್ತೆಯಾದ ಬೂಟೀಸ್ ಪೊಳ್ಳಿನ ಅಡ್ಡಳತೆ ಸುಮಾರು 30 ಕೋಟಿ ಜ್ಯೋತಿರ್ವರ್ಷ.

ಅನಿಲ ಬಿಸಿಯಾದದ್ದರಿಂದ ಗ್ಯಾಲಕ್ಸಿಗಳಿಗೆ ಬರುವ ಹೊಸ ಇಂಧನವೂ ಇಳಿಯಿತು. ಇದರ ಸುಳಿವು ಸಿಕ್ಕಿದ್ದು ಪುಣೆ ಜಿಲ್ಲೆಯಲ್ಲೇ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ತಲಾ 45 ಮೀಟರ್ ಅಡ್ಡಳತೆಯ 30 ಡಿಶ್‌ಗಳಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕವಿದೆ. ಅದನ್ನು ನಡೆಸುವ ಎನ್‌ಸಿಆರ್‌ಎ ಸಂಸ್ಥೆಯ ವಿಜ್ಞಾನಿಗಳು ಅದನ್ನು ಬಳಸಿ 7,653 ಗ್ಯಾಲಕ್ಸಿಗಳ ಮಸುಕು ಸಂಕೇತಗಳನ್ನು ಒಟ್ಟು ಮಾಡಿ, 800 ಕೋಟಿ ವರ್ಷ ಹಿಂದೆ ಅವುಗಳಲ್ಲಿದ್ದ ಹೈಡ್ರೋಜನ್ ಅಳೆದರು. 2020ರಲ್ಲಿ ಫಲಿತಾಂಶ ಬಂತು. ಹೈಡ್ರೋಜನ್ ಬೇಕಾದಷ್ಟಿತ್ತು, ಆದರೆ ನಕ್ಷತ್ರಗಳು ಹುಟ್ಟುತ್ತಿದ್ದ ವೇಗಕ್ಕೆ ಅದು 100ರಿಂದ 200 ಕೋಟಿ ವರ್ಷಕ್ಕೆ ಸಾಕಾಗುವಷ್ಟೇ. ಹೊರಗಿನಿಂದ ಪೂರೈಕೆ ಕುಂದಿದರೆ ಒಲೆ ತಣ್ಣಗಾಗಲೇಬೇಕು.

ಕೊನೆಯ ಸುಮಾರು 500 ಕೋಟಿ ವರ್ಷಗಳಿಂದ ಕಪ್ಪುಶಕ್ತಿಯ ಕೈ ಮೇಲಾಗಿದೆ. ವಿಶ್ವದ ಹಿಗ್ಗುವಿಕೆ ವೇಗ ಪಡೆದು, ದೂರದ ದ್ರವ್ಯ ಎಳೆಗೆ ಬಂದು ಸೇರುವ ಮೊದಲೇ ದೂರ ಸರಿಯುತ್ತಿದೆ. ಈಗಾಗಲೇ ಬಿಗಿದ ಗಂಟುಗಳು ಬಿಚ್ಚುವುದಿಲ್ಲ, ಹೊಸ ದೊಡ್ಡ ಗಂಟು ಬೀಳುವುದು ಕಷ್ಟ. ಸರಸ್ವತಿಯಂಥ ಮಹಾಗುಚ್ಛಗಳ ತಿರುಳು ಕುಸಿಯಬಹುದು, ಹೊರಭಾಗಗಳು ಒಂದಕ್ಕೊಂದು ದೂರವಾಗುತ್ತ ಹೋಗುತ್ತವೆ. ಎಳೆಗಳು ಜಗ್ಗಿದ ರಬ್ಬರಿನಂತೆ ಉದ್ದವಾಗಿ, ತೆಳುವಾಗಿ, ಗುಚ್ಛಗಳನ್ನು ಒಂಟಿಯಾಗಿ ಬಿಡುತ್ತವೆ.

## ನಕ್ಷೆ ಮಾಡುವ ಬಗೆ, ದಾರಿ ತಪ್ಪುವ ಜಾಗ

ಆಕಾಶದ ಚಿತ್ರದಲ್ಲಿ ಗ್ಯಾಲಕ್ಸಿಯ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ದೂರಕ್ಕೆ ಅದರ ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಬೇಕು. ಹೈಡ್ರೋಜನ್ ಬೀರುವ ಒಂದು ಕೆಂಪು ರೇಖೆಯ ತರಂಗಾಂತರ 656.3 ನ್ಯಾನೋಮೀಟರ್. ಕೋಮಾ ಗುಚ್ಛದಲ್ಲಿ ಅದೇ ರೇಖೆ ಸುಮಾರು 671.4ರಲ್ಲಿ ಕಾಣುತ್ತದೆ, ಅಂದರೆ 2.3 ಶೇಕಡಾ ಹಿಗ್ಗಿದೆ. ಅಷ್ಟು ಹಿಗ್ಗಿದ್ದರೆ ಗುಚ್ಛ ನಮ್ಮಿಂದ ದೂರ ಸರಿಯುತ್ತಿರುವ ವೇಗ ಬೆಳಕಿನ ವೇಗದ 2.3 ಶೇಕಡಾ, ಅಂದರೆ ಸೆಕೆಂಡಿಗೆ 6,900 ಕಿ.ಮೀ. ವಿಶ್ವದ ಹಿಗ್ಗುವಿಕೆ ಪ್ರತಿ 10 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 21.5 ಕಿ.ಮೀ. ಭಾಗಿಸಿದರೆ ದೂರ 32 ಕೋಟಿ ಜ್ಯೋತಿರ್ವರ್ಷ. ಸರಸ್ವತಿಯಲ್ಲಿ ಅದೇ ರೇಖೆ 840ರ ತನಕ ಸರಿದಿದೆ, 28 ಶೇಕಡಾ. ಅಷ್ಟು ದೂರಕ್ಕೆ ಈ ಸರಳ ಭಾಗಾಕಾರ ನಡೆಯದು, ವಿಶ್ವ ಹಿಗ್ಗಿದ ಚರಿತ್ರೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಉತ್ತರ ಸುಮಾರು 400 ಕೋಟಿ.

ಒಂದೊಂದೇ ಗ್ಯಾಲಕ್ಸಿಗೆ ಹೀಗೆ ಮಾಡುತ್ತ ಕೂತರೆ ಜನ್ಮ ಸಾಲದು. ಹೀಗೆ ಗ್ಯಾಲಕ್ಸಿಗಳ ನಕ್ಷೆ ಮಾಡುವ ಸ್ಲೋನ್ ಸಮೀಕ್ಷೆಯಲ್ಲಿ ಅಲ್ಯುಮಿನಿಯಂ ತಟ್ಟೆಗೆ ಗ್ಯಾಲಕ್ಸಿಗಳ ಜಾಗಕ್ಕೆ ಸರಿಯಾಗಿ 640 ತೂತು ಕೊರೆದು, ಪ್ರತಿ ತೂತಿಗೂ ಬೆಳಕನ್ನು ಸಾಗಿಸುವ ಗಾಜಿನ ನಾರನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಸರಸ್ವತಿ ಸಿಕ್ಕಿದ್ದು ಈ ಸಮೀಕ್ಷೆಯ ದತ್ತಾಂಶದಲ್ಲೇ: ಕನಿಷ್ಠ 43 ಗುಂಪು ಮತ್ತು ಗುಚ್ಛಗಳು, 60 ಕೋಟಿ ಜ್ಯೋತಿರ್ವರ್ಷದ ಹರವು, 200 ಕೋಟಿ ಕೋಟಿ ಸೂರ್ಯರ ತೂಕ. ಈಗಿನ ಡೆಸಿ ಉಪಕರಣದಲ್ಲಿ 5,000 ನಾರುಗಳನ್ನು ಪುಟ್ಟ ರೋಬಾಟ್‌ಗಳೇ ಜರುಗಿಸುತ್ತವೆ.

ತಪ್ಪುಗಳು ಇಲ್ಲಿಂದ ಶುರು. ಮೇಲಿನ ಲೆಕ್ಕ ಗ್ಯಾಲಕ್ಸಿಯ ವೇಗವೆಲ್ಲ ವಿಶ್ವದ ಹಿಗ್ಗುವಿಕೆಯಿಂದಲೇ ಬಂದದ್ದು ಎಂದು ನಂಬಿದೆ. ಗುಚ್ಛದೊಳಗೆ ಗ್ಯಾಲಕ್ಸಿಗಳು ಸೆಕೆಂಡಿಗೆ 1,000 ಕಿ.ಮೀ. ವೇಗದಲ್ಲಿ ಅತ್ತಿತ್ತ ಓಡುತ್ತಿರುತ್ತವೆ. 1,000ವನ್ನು 21.5ರಿಂದ ಭಾಗಿಸಿ: ನಕ್ಷೆಯಲ್ಲಿ ಅದರ ಜಾಗ ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷ ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ದುಂಡನೆಯ ಗುಚ್ಛ ನಮ್ಮ ಕಡೆಗೇ ಬೊಟ್ಟುಮಾಡುವ ಉದ್ದನೆಯ ಕಡ್ಡಿಯಾಗುತ್ತದೆ. ಇದಕ್ಕೆ 'ದೇವರ ಬೆರಳು' ಎಂದೇ ಹೆಸರು. ಸಾವಿರಕ್ಕೆ ತುಸು ಹೆಚ್ಚು ಗ್ಯಾಲಕ್ಸಿಗಳ 1986ರ ಪ್ರಸಿದ್ಧ ನಕ್ಷೆಯಲ್ಲಿ ಕೈಕಾಲು ಚಾಚಿ ನಿಂತ ಮನುಷ್ಯನಂಥ ಆಕೃತಿ ಕಾಣುತ್ತದೆ; ಅವನ ನೆಟ್ಟನೆಯ ಮುಂಡ ಹೀಗೆ ಉದ್ದವಾದ ಕೋಮಾ ಗುಚ್ಛ. ವಿಶ್ವದ ಜಾಲ ಮೊದಲ ಬಾರಿ ಸ್ಪಷ್ಟವಾಗಿ ಕಂಡ ನಕ್ಷೆಯಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಗೆರೆಯೇ ಎಳೆಯಲ್ಲ! ಪರಿಹಾರ ಉಂಟು: ಗುಚ್ಛವನ್ನು ಗುರುತಿಸಿ, ಅಡ್ಡಕ್ಕೆ ಎಷ್ಟು ಅಗಲವಿದೆಯೋ ಉದ್ದಕ್ಕೂ ಅಷ್ಟೇ ಆಗುವಂತೆ ಒತ್ತುತ್ತಾರೆ, ಆಮೇಲೆ ಎಳೆ ಹುಡುಕುತ್ತಾರೆ. ಕ್ರಮ ತಪ್ಪಿದರೆ ಸುಳ್ಳು ಎಳೆಗಳೆಲ್ಲ ನಮ್ಮತ್ತ ಮುಖ ಮಾಡಿ ನಿಲ್ಲುತ್ತವೆ.

ಇನ್ನೆರಡು ತೊಡಕು. ದೂರ ಹೋದಂತೆ ಮಂಕಾದ ಗ್ಯಾಲಕ್ಸಿಗಳು ಕಾಣದಾಗಿ ಇರುವ ಎಳೆಯೂ ತುಂಡು ತುಂಡಾಗುತ್ತದೆ. ಸ್ಲೋನ್‌ನ ಒಂದೇ ತಟ್ಟೆಯಲ್ಲಿ 55 ಆರ್ಕ್‌ಸೆಕೆಂಡಿಗಿಂತ (ಒಂದು ಡಿಗ್ರಿಯ 3,600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡ್) ಹತ್ತಿರ ಎರಡು ನಾರು ಕೂರಿಸಲಾಗುತ್ತಿರಲಿಲ್ಲ, ಹಾಗಾಗಿ ಎಲ್ಲಿ ಗ್ಯಾಲಕ್ಸಿಗಳು ಒತ್ತಾಗಿವೆಯೋ ಅಲ್ಲೇ ಕೆಲವು ಬಿಟ್ಟುಹೋಗುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಕಣ್ಣು. ಎರಚಿದ ಸಾಸಿವೆಯಲ್ಲೂ ಅದು ಸಾಲು ಕಾಣುತ್ತದೆ. ಅದಕ್ಕೇ ಅಳತೆಗೋಲು ಬೇಕು. 1998ರಲ್ಲಿ ಐಯುಕಾದ ವರುಣ್ ಸಾಹ್ನಿ ಇನ್ನಿಬ್ಬರೊಡನೆ ಒಂದು ಅಳತೆಗೋಲು ಕೊಟ್ಟರು. ಆಕೃತಿಯ ಘನಗಾತ್ರವನ್ನು ಹೊರಮೈ ವಿಸ್ತೀರ್ಣದಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಅದರ ದಪ್ಪ. ಹೊರಮೈಯ ಬಾಗುವಿಕೆಯನ್ನು ಲೆಕ್ಕಕ್ಕೆ ತಂದು ಅಗಲ ಮತ್ತು ಉದ್ದ. ದಪ್ಪ, ಅಗಲ ಎರಡೂ ಉದ್ದಕ್ಕಿಂತ ತೀರ ಕಡಿಮೆಯಿದ್ದರೆ ಎಳೆ. ದಪ್ಪವೊಂದೇ ಕಡಿಮೆಯಿದ್ದರೆ ಹಾಳೆ. ಆಮೇಲೆ ಬಂದದ್ದು ಕಲಸಿ ನೋಡುವ ಪರೀಕ್ಷೆ. ನಕ್ಷೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಇಸ್ಪೀಟಿನಂತೆ ಕಲಸಿ, ಮತ್ತೆ ಅಂಟಿಸಬೇಕು. ಚೌಕಕ್ಕಿಂತ ಉದ್ದದ ನಿಜವಾದ ಎಳೆಗಳಿದ್ದರೆ ಅವು ಕಡಿದು 'ಎಳೆತನ' ಇಳಿಯುತ್ತದೆ. ಇಳಿಯದಿದ್ದರೆ ಆ ಉದ್ದದ್ದೆಲ್ಲ ಆಕಸ್ಮಿಕ ಸಾಲು. ಸೋಮನಾಥ್ ಭಾರದ್ವಾಜ್ ಮತ್ತು ಸಂಗಡಿಗರು 2004ರಲ್ಲಿ ಲಾಸ್ ಕಂಪಾನಾಸ್ ಎಂಬ ಇನ್ನೊಂದು ಗ್ಯಾಲಕ್ಸಿ ಸಮೀಕ್ಷೆಯ ಮೇಲೆ ಇದನ್ನು ನಡೆಸಿದಾಗ ನಿಜವಾದ ಎಳೆಗಳ ಗರಿಷ್ಠ ಉದ್ದ ಸುಮಾರು 35 ಕೋಟಿ ಜ್ಯೋತಿರ್ವರ್ಷ ಎಂದು ಬಂತು. ಅದಕ್ಕಿಂತ ಬಹಳ ದೊಡ್ಡ ಅಳತೆಯಲ್ಲಿ ವಿಶ್ವ ಸಮತಟ್ಟಾಗುತ್ತದೆ ಎಂಬುದಕ್ಕೂ ಇದು ಹೊಂದುತ್ತದೆ.

## ಕಳೆದುಹೋದ ಅನಿಲ

ನಕ್ಷತ್ರ, ಗ್ಯಾಲಕ್ಸಿ, ಗುಚ್ಛಗಳ ಮಾಮೂಲಿ ದ್ರವ್ಯವನ್ನೆಲ್ಲ ಕೂಡಿಸಿದರೂ ಆರಂಭದ ವಿಶ್ವದ ಲೆಕ್ಕಕ್ಕೆ 30ರಿಂದ 40 ಶೇಕಡಾ ಕಡಿಮೆ ಬೀಳುತ್ತಿತ್ತು. ಅದು ಎಳೆಗಳ ಬಿಸಿ ಅನಿಲದಲ್ಲಿದೆ ಎಂಬ ಅನುಮಾನ ಹಳೆಯದು; ಸಾಕ್ಷಿ ಸಿಗುತ್ತಿರಲಿಲ್ಲ. ಬಿಸಿ ಅನಿಲ ಎಕ್ಸ್-ಕಿರಣ ಬೀರುವುದು ಕಣಗಳು ಒಂದಕ್ಕೊಂದು ಎದುರಾದಾಗ. ಸಾಂದ್ರತೆ ನೂರರಲ್ಲೊಂದು ಪಾಲಾದರೆ ಎದುರಾಗುವ ಸಂಭವ ಹತ್ತು ಸಾವಿರದಲ್ಲೊಂದು ಪಾಲಾಗುತ್ತದೆ. ಗುಚ್ಛದ ನಡುವೆ ಘನ ಮೀಟರಿಗೆ ಸಾವಿರ ಕಣ, ಎಳೆಯಲ್ಲಿ ಹತ್ತು. ಎಳೆ ಗುಚ್ಛಕ್ಕಿಂತ ಹತ್ತು ಸಾವಿರ ಪಟ್ಟು ಮಂಕು.

2025ರ ಜೂನ್‌ನ ಅಳತೆಯ ಜಾಣ್ಮೆ ಇಲ್ಲೇ ಇದೆ. ಶಾಪ್ಲಿ ಮಹಾಗುಚ್ಛದ ಆ ಎಳೆ 2.3 ಕೋಟಿ ಜ್ಯೋತಿರ್ವರ್ಷ ಉದ್ದ, ತೂಕ ಕ್ಷೀರಪಥದ ಹತ್ತು ಪಟ್ಟು, ಉಷ್ಣತೆ ಕೋಟಿ ಡಿಗ್ರಿ. ಸುಜಾಕು ಎಂಬ ಎಕ್ಸ್-ಕಿರಣ ಉಪಗ್ರಹ ಮಂಕು ಹೊಳಪನ್ನು ಹಿಡಿಯುವುದರಲ್ಲಿ ಗಟ್ಟಿಗನಾಗಿತ್ತು, ಆದರೆ ಅದರ ದೃಷ್ಟಿ ಮೊಂಡಾಗಿತ್ತು. ಅದೇ ದಿಕ್ಕಿನಲ್ಲಿರುವ ಕಪ್ಪುಕುಳಿಗಳ ಎಕ್ಸ್-ಕಿರಣ ಇದರೊಳಗೆ ಬೆರೆತು ಅನಿಲ ಇರುವುದಕ್ಕಿಂತ ಬಿಸಿ, ದಟ್ಟ ಎಂದು ತೋರಿಸಿಬಿಡುತ್ತದೆ. ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ಚೂಪು ಕಣ್ಣಿನಿಂದ ಆ ಕಪ್ಪುಕುಳಿಗಳನ್ನು ಗುರುತಿಸಿ, ಅವುಗಳ ಪಾಲನ್ನು ಕಳೆದ ಮೇಲೆ ಉಳಿದದ್ದು ಎಳೆಯ ಸ್ವಂತ ಬೆಳಕು. ಅದು ಸಿಮ್ಯುಲೇಶನ್‌ಗಳ ಅಂಕಿಗೆ ಹೊಂದಿಕೊಂಡಿತು.

ಇನ್ನೊಂದು ದಾರಿ ಕ್ಷಿಪ್ರ ರೇಡಿಯೊ ಸ್ಫೋಟಗಳದು. ದೂರದ ಗ್ಯಾಲಕ್ಸಿಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು ಸಿಡಿಯುವ ರೇಡಿಯೊ ಮಿಂಚು ದಾರಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಹಾದು ಬರುವಾಗ ಅದರ ಕಡಿಮೆ ಕಂಪನಾಂಕದ ಭಾಗ ತಡವಾಗಿ ತಲುಪುತ್ತದೆ. ಎಷ್ಟು ತಡ ಎಂದು ಅಳೆದರೆ ದಾರಿಯಲ್ಲಿದ್ದ ಎಲೆಕ್ಟ್ರಾನ್‌ಗಳ ಎಣಿಕೆ ಸಿಗುತ್ತದೆ, ಬಿಸಿಯೋ ತಣ್ಣಗೋ ಎಂಬ ರಗಳೆಯಿಲ್ಲ. 2020ರಲ್ಲಿ ಈ ಎಣಿಕೆ ಕಳೆದುಹೋದ ಪಾಲನ್ನು ತುಂಬಿಕೊಟ್ಟಿತು. ಒಟ್ಟು ಲೆಕ್ಕ ಸರಿಹೋಗಿದೆ. ಯಾವ ಎಳೆಯಲ್ಲಿ ಎಷ್ಟು ಎಂಬ ಪಾಲುಪಟ್ಟಿ ಇನ್ನೂ ಆಗಬೇಕು.

## ಆಕಾಶದಲ್ಲಿ ಎತ್ತ ನೋಡಬೇಕು

ಬರಿಗಣ್ಣಿಗೆ ಯಾವ ಎಳೆಯೂ ಕಾಣದು, ದಿಕ್ಕನ್ನು ಮಾತ್ರ ಹಿಡಿಯಬಹುದು. ಏಪ್ರಿಲ್, ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ನೆತ್ತಿಯ ಬಳಿ ಸಿಂಹ ರಾಶಿ ಇರುತ್ತದೆ. ಅದರ ಬಾಲದ ತುದಿಯ ಉತ್ತರಾ ನಕ್ಷತ್ರದಿಂದ, ಕೈಚಾಚಿ ಹಿಡಿದ ಒಂದು ಮುಷ್ಟಿಯಷ್ಟು ಪೂರ್ವಕ್ಕೆ ಕನ್ಯಾ ಗುಚ್ಛ. ಉತ್ತರಾ ಮತ್ತು ಸ್ವಾತಿಯ ನಡುವೆ, ಸ್ವಲ್ಪ ಉತ್ತರಕ್ಕೆ, ಕೋಮಾ ಗುಚ್ಛ. ಅದಕ್ಕೆ ಬಂದು ಸೇರುವ ಎಳೆಗಳ ಕಪ್ಪುದ್ರವ್ಯ ಹಿಂದಿನ ಗ್ಯಾಲಕ್ಸಿಗಳ ಬೆಳಕನ್ನು ತುಸುವೇ ಬಾಗಿಸುವುದನ್ನು ಸುಬಾರು ದೂರದರ್ಶಕದಿಂದ ಅಳೆದದ್ದು 2024ರಲ್ಲಿ.

ನವೆಂಬರ್, ಡಿಸೆಂಬರ್‌ನಲ್ಲಾದರೆ ಪರ್ಸಿಯಸ್ ನಕ್ಷತ್ರಪುಂಜದ ಅಲ್ಗಾಲ್ ಬಳಿಯಿಂದ ಆಂಡ್ರೊಮಿಡಾ, ಮೀನ ರಾಶಿಗಳನ್ನು ಹಾದು ಪೆಗಸಸ್ ಕಡೆಗೆ ಬೆರಳೆಳೆಯಿರಿ. ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಅದೇ ಗೆರೆಯ ಮೇಲೆ ಪರ್ಸಿಯಸ್-ಮೀನ ಎಳೆ ಹಾದುಹೋಗಿದೆ. ಮೀನದ ದಿಕ್ಕಿನಲ್ಲೇ, ಅದರ ಬಹಳ ಹಿಂದೆ, ಸರಸ್ವತಿ. ಎಳೆಯ ಪೂರ್ವದ ತುದಿ ಕ್ಷೀರಪಥದ ಧೂಳಿನ ಪಟ್ಟಿಯ ಹಿಂದೆ ಮರೆಯಾಗುತ್ತದೆ. ಅಲ್ಲಿಂದಾಚೆ ಅದನ್ನು ಹಿಂಬಾಲಿಸಲು ಸಾಧಾರಣ ಬೆಳಕು ಸಾಲದು. ಧೂಳನ್ನು ದಾಟಿ ಬರುವ, ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಡಿಯೊ ತರಂಗಕ್ಕೆ ಕಿವಿಗೊಡಬೇಕು.